ನೆಲ, ನೀರು, ವನ್ಯಜೀವಿಗಳ ಪಾಲನೆ: ಗ್ರಾಮ ಪಂಚಾಯತಿಯ ಹೊಣೆ
(ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರು, ಸಿಬ್ಬಂದಿ ಮತ್ತು ಸಮಿತಿಗಳ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ

ಗ್ರಾಮ ಪಂಚಾಯತಿಯ ಕಡತಗಳಲ್ಲಿ ಗಾಯರಾಣ ಒಂದು ಕಡತ, ಕುಡಿಯುವ ನೀರು ಇನ್ನೊಂದು ಕಡತ, ಜೀವವೈವಿಧ್ಯ ದಾಖಲಾತಿ ಮತ್ತೊಂದು ಕಡತ. ಕಚೇರಿಯ ಅನುಕೂಲಕ್ಕಾಗಿ ಮಾಡಿಕೊಂಡ ಈ ವಿಭಾಗಗಳು ನೆಲದ ಮೇಲೆ ಇರುವುದಿಲ್ಲ. ಗಾಯರಾಣದ ಹುಲ್ಲು ಹೋದರೆ ಹಳ್ಳಕ್ಕೆ ಹೂಳು ಬರುತ್ತದೆ. ಹೂಳು ತುಂಬಿದ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ. ನೀರು ನಿಲ್ಲದ ಕಡೆ ಬಾವಿ ಬತ್ತುತ್ತದೆ. ಹುಲ್ಲನ್ನೂ ನೀರನ್ನೂ ನಂಬಿದ ಜೀವಿಗಳು ಹೊಲಕ್ಕೂ ಊರಿಗೂ ನುಗ್ಗುತ್ತವೆ. ಆದುದರಿಂದ ಈ ಮೂರನ್ನೂ ಒಂದೇ ಲೆಕ್ಕದ ಮೂರು ಬಾಬುಗಳೆಂದು ಭಾವಿಸಿ ನಿರ್ಣಯ ಕೈಗೊಳ್ಳುವುದು ಹೇಗೆ ಎಂಬುದನ್ನು ಈ ಪಾಠವು ವಿವರಿಸುತ್ತದೆ.

1. ಒಂದೇ ಇಳಿಜಾರಿನ ಮೂರು ತಾಲೂಕುಗಳು

ಹಿರಣ್ಯಕೇಶಿ ನದಿಯು ಮಹಾರಾಷ್ಟ್ರದ ಅಂಬೋಲಿಯ ಘಟ್ಟದಲ್ಲಿ ಹುಟ್ಟಿ, ಆಜರಾ ಮತ್ತು ಗಡಹಿಂಗ್ಲಜ ಸೀಮೆಯನ್ನು ದಾಟಿ, ಸಂಕೇಶ್ವರದ ಬಳಿ ಹುಕ್ಕೇರಿ ತಾಲೂಕಿನಲ್ಲಿ ಹರಿದು ಘಟಪ್ರಭೆಯನ್ನು ಸೇರುತ್ತದೆ. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಸಂಗ್ರಹ ಸಾಮರ್ಥ್ಯ ಸುಮಾರು 51 ಟಿ.ಎಂ.ಸಿ. ಅದರ ಕೆಳಗೆ ಧೂಪದಾಳದ ಒಡ್ಡು, ಆ ಬಳಿಕ ಗೋಕಾಕದಲ್ಲಿ 52 ಮೀಟರ್ ಎತ್ತರದ ಜಲಪಾತ. ಮಾರ್ಕಂಡೇಯ ನದಿಯೂ ಗೋಕಾಕದ ಪರಿಸರದಲ್ಲಿಯೇ ಘಟಪ್ರಭೆಗೆ ಕೂಡುತ್ತದೆ. ಅಲ್ಲಿಂದ ನದಿಯು ಮೂಡಲಗಿ ಸೀಮೆಯ ಹೊಲಗಳನ್ನು ಸೋಕಿ ಬಾಗಲಕೋಟೆ ಜಿಲ್ಲೆಯತ್ತ ಸಾಗುತ್ತದೆ.

ಮಳೆಯೂ ಇದೇ ದಿಕ್ಕಿನಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಪಶ್ಚಿಮದ ಹುಕ್ಕೇರಿಗೆ ಘಟ್ಟದ ಮಳೆಯ ಸೆರಗು ತಾಗುತ್ತದೆ. ಪೂರ್ವದ ಗೋಕಾಕ, ಮೂಡಲಗಿಗಳು ಮಳೆಯ ನೆರಳಿನಲ್ಲಿವೆ. ಮೇಲಿನ ಊರು ಹಳ್ಳಕ್ಕೆ ಬಿಟ್ಟದ್ದು ಕೆಳಗಿನ ಊರಿನ ಪಾಲಿಗೆ ಬರುತ್ತದೆ. ಅದು ಹೂಳಾಗಿರಬಹುದು, ಚರಂಡಿಯ ನೀರಾಗಿರಬಹುದು, ಪ್ಲಾಸ್ಟಿಕ್ ಆಗಿರಬಹುದು. 2019ರ ಆಗಸ್ಟ್ ತಿಂಗಳ ಪ್ರವಾಹವು ಗೋಕಾಕ ಪಟ್ಟಣವನ್ನೂ ನದಿ ಪಾತ್ರದ ಹಳ್ಳಿಗಳನ್ನೂ ಮುಳುಗಿಸಿದಾಗ ತಾಲೂಕಿನ ಗಡಿ ನೀರಿಗೆ ಕಾಣುವುದಿಲ್ಲ ಎಂಬುದು ಎಲ್ಲರ ಅನುಭವಕ್ಕೆ ಬಂದಿತು.

ನದಿಯ ಜಲಾನಯನವನ್ನೇ ಆಡಳಿತದ ಎಲ್ಲೆಯಾಗಿ ಇರಿಸಿಕೊಂಡ ದೇಶಗಳೂ ಇವೆ. ನ್ಯೂಜಿಲೆಂಡ್ 1989ರಲ್ಲಿ ಸ್ಥಳೀಯ ಆಡಳಿತವನ್ನು ಪುನರ್ರಚಿಸಿದಾಗ ಪ್ರಾದೇಶಿಕ ಪರಿಷತ್ತುಗಳ ಗಡಿಗಳನ್ನು ಬಹುಮಟ್ಟಿಗೆ ನದಿಗಳ ಜಲಾನಯನ ರೇಖೆಗಳ ಮೇಲೆ ಎಳೆಯಿತು. ಮಣ್ಣಿನ ಸಂರಕ್ಷಣೆ, ನದಿ ನಿರ್ವಹಣೆ, ಕೀಟ ಮತ್ತು ಕಳೆಗಳ ಹತೋಟಿ ಒಂದೇ ಪರಿಷತ್ತಿನ ಹೊಣೆಯಾದವು. ನಮ್ಮ ಪಂಚಾಯತಿಗಳ ಗಡಿಗಳು ಕಂದಾಯ ಗ್ರಾಮಗಳ ಗಡಿಗಳು. ಗಡಿ ಬದಲಿಸಲು ಆಗದಿದ್ದರೂ, ಒಂದೇ ಹಳ್ಳದ ಮೇಲೆ ಕೆಳಗೆ ಇರುವ ಪಂಚಾಯತಿಗಳು ಕೂಡಿ ಕುಳಿತು ಕ್ರಿಯಾ ಯೋಜನೆಗಳನ್ನು ಹೊಂದಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

2. ಕಾನೂನು ಒಪ್ಪಿಸಿದ ಹೊಣೆ

ಸಂವಿಧಾನದ 48ಎ ಅನುಚ್ಛೇದವು ಪರಿಸರ, ಅರಣ್ಯ, ವನ್ಯಜೀವಿಗಳ ರಕ್ಷಣೆಯನ್ನು ರಾಜ್ಯದ ಕರ್ತವ್ಯವೆಂದೂ, 51ಎ (ಜಿ) ಅನುಚ್ಛೇದವು ಅದನ್ನು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯವೆಂದೂ ಹೇಳುತ್ತವೆ. ಇವೆರಡೂ 1976ರ 42ನೇ ತಿದ್ದುಪಡಿಯಿಂದ ಬಂದವು. 73ನೇ ತಿದ್ದುಪಡಿಯ ಮೂಲಕ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿದ್ದು, ಭೂ ಸುಧಾರಣೆ ಮತ್ತು ಮಣ್ಣು ಸಂರಕ್ಷಣೆ, ಸಣ್ಣ ನೀರಾವರಿ ಮತ್ತು ಜಲಾನಯನ ಅಭಿವೃದ್ಧಿ, ಮೀನುಗಾರಿಕೆ, ಸಾಮಾಜಿಕ ಅರಣ್ಯ ಅವುಗಳಲ್ಲಿ ಸೇರಿವೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅನುಸೂಚಿಯು ಬಂಜರು ಭೂಮಿಯ ಅಭಿವೃದ್ಧಿಯನ್ನೂ, ಗೋಮಾಳಗಳನ್ನು ಕಾಪಾಡಿ ಅವುಗಳ ಅನಧಿಕೃತ ಪರಭಾರೆ ಮತ್ತು ಬಳಕೆಯನ್ನು ತಡೆಯುವುದನ್ನೂ ಗ್ರಾಮ ಪಂಚಾಯತಿಯ ಪ್ರಕಾರ್ಯಗಳಲ್ಲಿ ಸೇರಿಸಿದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮನದಟ್ಟು ಮಾಡಿಕೊಳ್ಳಬೇಕು. ಗಾಯರಾಣದ ಒಡೆತನ ಸರ್ಕಾರದ್ದು. ಹುಲ್ಲಿನ ಹಕ್ಕು ಊರಿನ ದನಕರುಗಳದ್ದು. ಕಾಯುವ ಹೊಣೆ ಪಂಚಾಯತಿಯದ್ದು. ಕಾಯುವವನು ಒಡೆಯನಲ್ಲ. ಪಾಲನೆ ಎಂಬ ಪದದ ಅರ್ಥವೇ ಇದು: ತನ್ನದಲ್ಲದ್ದನ್ನು, ಮುಂದೆ ಬರುವವರಿಗೆ ಒಪ್ಪಿಸುವುದಕ್ಕಾಗಿ, ಕುಂದದಂತೆ ನೋಡಿಕೊಳ್ಳುವುದು.

3. ಗಾಯರಾಣ: ಪಾಳು ನೆಲವಲ್ಲ, ಹುಲ್ಲಿನ ನೆಲ

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 71ನೇ ಪ್ರಕರಣದಡಿ ಸರ್ಕಾರಿ ಭೂಮಿಯನ್ನು ಉಚಿತ ಹುಲ್ಲುಗಾವಲಿಗಾಗಿ ಕಾಯ್ದಿರಿಸಲಾಗುತ್ತದೆ. 1966ರ ಭೂ ಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ಪ್ರತಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಇರಬೇಕು.

ಕಣಗಲಾದಂತೆ ಪುಣೆ–ಬೆಂಗಳೂರು ಹೆದ್ದಾರಿಯ ಬದಿಗಿರುವ ಊರುಗಳಲ್ಲಿ ಈ ನಿಯಮಕ್ಕೆ ವಿಶೇಷ ಮಹತ್ವವಿದೆ. ಹೆದ್ದಾರಿ ಬಂದಲ್ಲಿ ನೆಲದ ಬೆಲೆ ಏರುತ್ತದೆ. ಬೆಲೆ ಏರಿದಲ್ಲಿ ಗಾಯರಾಣದ ಮೇಲೆ ಕಣ್ಣು ಬೀಳುತ್ತದೆ. ಖಾಸಗಿ ಅತಿಕ್ರಮಣ ಒಂದು ಕಡೆಯಾದರೆ, ಒಳ್ಳೆಯ ಉದ್ದೇಶದ ಬೇಡಿಕೆಗಳು ಇನ್ನೊಂದು ಕಡೆ: ಸಮುದಾಯ ಭವನ, ಕಟ್ಟಡ, ಆಟದ ಬಯಲು, ಕಸ ವಿಲೇವಾರಿ ಘಟಕ. ಪ್ರತಿಯೊಂದೂ ಕೇಳುವುದು ಎರಡು ಎಕರೆ, ಮೂರು ಎಕರೆ ಮಾತ್ರ. ಒಂದೊಂದನ್ನು ಪ್ರತ್ಯೇಕವಾಗಿ ನೋಡಿದಾಗ ಇಲ್ಲವೆನ್ನಲು ಕಾರಣ ಸಿಗುವುದಿಲ್ಲ. ಎಲ್ಲವನ್ನೂ ಕೂಡಿಸಿದಾಗ ಗಾಯರಾಣವೇ ಉಳಿಯುವುದಿಲ್ಲ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಒಂದು ಊರಿನಲ್ಲಿ 400 ದನಗಳಿವೆ. ಗಾಯರಾಣ 60 ಎಕರೆ. ನಿಯಮದಂತೆ ಬೇಕಾದದ್ದು 48 ಹೆಕ್ಟೇರ್, ಅಂದರೆ ಸುಮಾರು 119 ಎಕರೆ. ಈ ಊರು ಈಗಾಗಲೇ 59 ಎಕರೆ ಕೊರತೆಯಲ್ಲಿದೆ. ಇಂಥಲ್ಲಿ 10 ಎಕರೆಯ ಬೇಡಿಕೆ ಬಂದರೆ, ಸಭೆಯು "10 ಎಕರೆ ಕೊಟ್ಟರೆ ಇನ್ನೂ 50 ಎಕರೆ ಉಳಿಯುತ್ತದೆ" ಎಂದು ಲೆಕ್ಕ ಹಾಕಬಾರದು. "ಕೊರತೆ 59ರಿಂದ 69 ಎಕರೆಗೆ ಏರುತ್ತದೆ" ಎಂದು ಲೆಕ್ಕ ಹಾಕಬೇಕು. ಪ್ರಶ್ನೆಯನ್ನು ಹೀಗೆ ಬರೆದು ಗ್ರಾಮ ಸಭೆಯ ಮುಂದಿಟ್ಟಾಗ ಚರ್ಚೆಯ ದಿಕ್ಕೇ ಬೇರೆಯಾಗುತ್ತದೆ. ಸರ್ವೋಚ್ಚ ನ್ಯಾಯಾಲಯವು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ನೀಡಿದ ತೀರ್ಪಿನಲ್ಲಿ, ಗ್ರಾಮದ ಸಾಮೂಹಿಕ ಭೂಮಿಗಳಲ್ಲಿನ ಅತಿಕ್ರಮಣವನ್ನು ತೆರವುಗೊಳಿಸಲು ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿದೆ ಎಂಬುದನ್ನೂ ಸದಸ್ಯರು ನೆನಪಿಡಬೇಕು.

ಎರಡನೆಯ ಅಪಾಯ ಸದುದ್ದೇಶದಿಂದಲೇ ಬರುತ್ತದೆ. ಗಿಡಗಳಿಲ್ಲದ ಬಯಲನ್ನು ಕಂಡ ಕೂಡಲೇ ಅದನ್ನು ಪಾಳು ಎಂದು ಬಗೆದು, ಗುಂಡಿ ತೋಡಿ ನೀಲಗಿರಿ, ಅಕೇಶಿಯಾ ನೆಡುವ ರೂಢಿಯಿದೆ. ಮಳೆ ಕಡಿಮೆಯಾದ ಬಯಲುಸೀಮೆಯಲ್ಲಿ ಹುಲ್ಲುಗಾವಲು ಕೆಟ್ಟುಹೋದ ಕಾಡಲ್ಲ. ಅದು ತನ್ನಷ್ಟಕ್ಕೆ ಪೂರ್ಣವಾದ ಒಂದು ಜೀವವ್ಯವಸ್ಥೆ. ದಟ್ಟವಾದ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ, ಮಳೆನೀರನ್ನು ಇಂಗಿಸುತ್ತವೆ, ಒಣಗಿ ಕರಡವಾದ ಮೇಲೂ ಹಿಂಡಿಗೆ ಮೇವಾಗುತ್ತವೆ. ಗಿಡ ನೆಡಬೇಕಾದದ್ದು ಊರ ಸುತ್ತ, ರಸ್ತೆಯ ಬದಿ, ಹಳ್ಳದ ದಂಡೆ, ಶಾಲೆಯ ಅಂಗಳಗಳಲ್ಲಿ. ಅಲ್ಲಿಯೂ ಬೇವು, ಹುಣಸೆ, ಆಲ, ಅತ್ತಿಗಳಂಥ ಈ ನೆಲದವನ್ನು. ಗಾಯರಾಣದಲ್ಲಿ ಮಾಡಬೇಕಾದ ಕೆಲಸ ಬೇರೆ: ಬಳ್ಳಾರಿ ಜಾಲಿ ಮತ್ತು ಲಂಟಾನಗಳನ್ನು ಬೇರುಸಹಿತ ಕೀಳುವುದು, ಮಳೆಗಾಲದ ಆರಂಭದಲ್ಲಿ ಒಂದು ಭಾಗವನ್ನು ಸರದಿಯಂತೆ ಮೇಯಿಸದೆ ಬಿಡುವುದು, ಹುಲ್ಲು ಬೀಜ ಕಟ್ಟಿ ಉದುರಿದ ಬಳಿಕ ಆ ಭಾಗವನ್ನು ತೆರೆಯುವುದು.

4. ನೀರಿನ ಲೆಕ್ಕ

ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಘನ ಮೀಟರ್, ಅಂದರೆ 10,000 ಲೀಟರ್ ನೀರು. ಈ ಒಂದು ಸೂತ್ರ ತಿಳಿದಿದ್ದರೆ ಸದಸ್ಯರು ಯಾವ ಅಂದಾಜು ಪಟ್ಟಿಯನ್ನಾದರೂ ಪರೀಕ್ಷಿಸಬಹುದು.

100 ಹೆಕ್ಟೇರ್ ಜಲಾನಯನದ ಮೇಲೆ ಒಂದೇ ದಿನ 50 ಮಿಲಿಮೀಟರ್ ಮಳೆಯಾದರೆ ಬಿದ್ದ ನೀರು 50,000 ಘನ ಮೀಟರ್. ಅದರ ಐದನೆಯ ಒಂದು ಪಾಲು ಹರಿದುಹೋಗುತ್ತದೆಂದು ಭಾವಿಸಿದರೆ ಹಳ್ಳಕ್ಕೆ ಬರುವುದು 10,000 ಘನ ಮೀಟರ್. 50 ಮೀಟರ್ ಉದ್ದ, 50 ಮೀಟರ್ ಅಗಲ, 2 ಮೀಟರ್ ಆಳದ ಕಟ್ಟೆಯಲ್ಲಿ ನಿಲ್ಲುವುದು 5,000 ಘನ ಮೀಟರ್. ಉಳಿದ ಅರ್ಧ ಕೋಡಿಯ ಮೂಲಕ ಹೋಗಬೇಕು. ಕೋಡಿ ಕಿರಿದಾಗಿದ್ದರೆ ಏರಿ ಒಡೆಯುತ್ತದೆ. ಇನ್ನೊಂದು ಕಡೆ, ಹೂಳು ಒಂದು ಮೀಟರ್ ಏರಿದ್ದರೆ ಸಂಗ್ರಹ ಅರ್ಧಕ್ಕಿಳಿಯುತ್ತದೆ. ಹೊಸ ಕಟ್ಟೆ ಕಟ್ಟುವುದಕ್ಕಿಂತ ಹಳೆಯದರ ಹೂಳು ತೆಗೆಯುವುದು ಎಷ್ಟೋ ಸಲ ಲಾಭಕರವೆನ್ನಲು ಕಾರಣ ಇದೇ. ತೆಗೆದ ಹೂಳು ರೈತರ ಹೊಲಕ್ಕೆ ಗೊಬ್ಬರವೂ ಆಗುತ್ತದೆ.

ಹುಕ್ಕೇರಿ ತಾಲೂಕಿನ ಬಹುಭಾಗದ ಅಡಿಯಲ್ಲಿರುವುದು ದಖ್ಖಣದ ಕಪ್ಪು ಕಲ್ಲು. ಇದರಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರ ಮತ್ತು ಬಿರುಕುಗಳಲ್ಲಿ ಮಾತ್ರ. ಶೇಕಡಾ 2ರಷ್ಟು ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆಂದು ಎಣಿಸಿದರೆ, 100 ಹೆಕ್ಟೇರ್ ಪ್ರದೇಶದಲ್ಲಿ ಅಂತರ್ಜಲವು ಒಂದು ಮೀಟರ್ ಏರಲು 20,000 ಘನ ಮೀಟರ್ ನೀರು ಇಂಗಬೇಕು. ಅಷ್ಟೇ ನೀರನ್ನು ಎತ್ತಿದರೆ ಮಟ್ಟ ಮತ್ತೆ ಒಂದು ಮೀಟರ್ ಇಳಿಯುತ್ತದೆ. ಇಂಗುವುದಕ್ಕೆ ಒಂದು ಮಳೆಗಾಲ ಬೇಕು. ಎತ್ತುವುದಕ್ಕೆ ಕೆಲವೇ ಪಂಪುಗಳು ಸಾಕು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ, ಕೊಳವೆ ಬಾವಿ ತೋಡುವುದನ್ನು ರಾಜ್ಯದ 1999ರ ಅಂತರ್ಜಲ ಅಧಿನಿಯಮವು ನಿರ್ಬಂಧಿಸಿರುವುದು ಇದಕ್ಕಾಗಿಯೇ.

5. ನೀರು ಹೆಚ್ಚಾದಾಗ: ಸವಳು–ಜವಳು

ಏರು ನೆಲದ ಊರುಗಳಿಗೆ ನೀರಿನ ಕೊರತೆ ಕಷ್ಟವಾದರೆ, ಕಾಲುವೆಯ ಕೆಳಗಿನ ಊರುಗಳಿಗೆ ನೀರಿನ ಹೆಚ್ಚಳವೇ ಕಷ್ಟ. ಘಟಪ್ರಭಾ ಯೋಜನೆಯ ಮೊದಲ ಹಂತವಾಗಿ ಧೂಪದಾಳದ ಒಡ್ಡು ಮತ್ತು 71 ಕಿಲೋಮೀಟರ್ ಎಡದಂಡೆ ಕಾಲುವೆ 1897ರಲ್ಲಿ ಪೂರ್ಣಗೊಂಡವು. ಹಿಡಕಲ್ ಜಲಾಶಯ ಬಂದ ಮೇಲೆ ನೀರಾವರಿ ಬಹುವಾಗಿ ಹಬ್ಬಿತು. ಕಪ್ಪು ಮಣ್ಣಿನಲ್ಲಿ ವರ್ಷವಿಡೀ ಕಬ್ಬಿಗೆ ನೀರು ಹರಿಸಿದಾಗ, ಬಸಿದು ಹೋಗಲು ದಾರಿಯಿಲ್ಲದ ನೀರು ಅಡಿಯಲ್ಲಿ ತುಂಬುತ್ತದೆ. ಅಂತರ್ಜಲವು ನೆಲದ ಮೇಲ್ಮೈಗೆ ಒಂದೂವರೆ ಎರಡು ಮೀಟರ್ ಸಮೀಪಕ್ಕೆ ಬಂದರೆ, ದೀಪದ ಬತ್ತಿ ಎಣ್ಣೆ ಹೀರುವಂತೆ ಮಣ್ಣು ನೀರನ್ನು ಮೇಲಕ್ಕೆ ಹೀರುತ್ತದೆ. ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ಮೊದಲು ಇಳುವರಿ ಕುಗ್ಗುತ್ತದೆ, ಬಳಿಕ ಬೀಜ ಮೊಳೆಯುವುದಿಲ್ಲ, ಕೊನೆಗೆ ಹೊಲ ಬೆಳ್ಳಗಾಗುತ್ತದೆ.

ಮದ್ದು ಹುಡುಕುವ ಮೊದಲು ರೋಗವನ್ನು ತಿಳಿಯಬೇಕು. ಮಣ್ಣಿನ ವಿದ್ಯುತ್ ವಾಹಕತೆ 4 ಡೆಸಿಸೀಮನ್ಸ್ ಪ್ರತಿ ಮೀಟರಿಗಿಂತ ಹೆಚ್ಚಿದ್ದರೆ ಅದು ಲವಣ ಮಣ್ಣು. ಅದಕ್ಕೆ ಬೇಕಾದದ್ದು ಬಸಿಗಾಲುವೆ ಮತ್ತು ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆಯುವುದು. ರಸಸಾರ 8.5 ಮೀರಿ, ಸೋಡಿಯಂ ಪ್ರಮಾಣ ಹೆಚ್ಚಿದ್ದರೆ ಅದು ಕ್ಷಾರ ಮಣ್ಣು; ಅದಕ್ಕೆ ಜಿಪ್ಸಂ ಬೇಕು. ಎರಡಕ್ಕೂ ಬಸಿಗಾಲುವೆಯೇ ಅಡಿಪಾಯ. ಡಯಂಚಾ, ಸೆಣಬು ಬೆಳೆದು ಹಸಿರಾಗಿ ಮಣ್ಣಿಗೆ ಸೇರಿಸಿದರೆ ಸಹಾಯವಾಗುತ್ತದೆ.

ಒಬ್ಬ ರೈತನು ತನ್ನ ಹೊಲದಲ್ಲಿ ಮಾತ್ರ ಬಸಿಗಾಲುವೆ ತೋಡಿದರೆ ಆ ನೀರು ಪಕ್ಕದವನ ಹೊಲಕ್ಕೆ ಹೋಗುತ್ತದೆ. ಹಳ್ಳದವರೆಗೆ ಸಾಮೂಹಿಕ ಗಾಲುವೆ ಇಲ್ಲದೆ ಇದು ಬಗೆಹರಿಯದು. ಪಂಚಾಯತಿಯ ಪಾತ್ರ ಇಲ್ಲಿ ಆರಂಭವಾಗುತ್ತದೆ: ಮುಚ್ಚಿಹೋದ ಹಳ್ಳಗಳನ್ನು ಅಳತೆ ಮಾಡಿಸಿ ತೆರವುಗೊಳಿಸುವುದು, ಹೊಲಗಳ ಮಾಲೀಕರನ್ನು ಒಟ್ಟು ಕೂಡಿಸುವುದು. ಕೂಡಿ ನಡೆಸುವುದು ಈ ಸೀಮೆಗೆ ಹೊಸದಲ್ಲ. ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಹುಕ್ಕೇರಿ ತಾಲೂಕು 1969ರಿಂದ ನಡೆಸಿಕೊಂಡು ಬಂದಿದೆ.

6. ಬಯಲಿನ ಜೀವಿಗಳು ಮತ್ತು ಕುರಿಗಾರರು

ವನ್ಯಜೀವಿ ಎಂದಾಗ ಹುಲಿ, ಆನೆ, ದಟ್ಟ ಕಾಡು ನೆನಪಿಗೆ ಬರುತ್ತವೆ. ಬಯಲುಸೀಮೆಯ ವನ್ಯಜೀವಿಗಳು ಬೇರೆ: ತೋಳ, ನರಿ, ಕತ್ತೆಕಿರುಬ, ಮೊಲ, ಮುಂಗುಸಿ, ಉಡ, ನವಿಲು, ನೆಲದಲ್ಲಿಯೇ ಗೂಡು ಕಟ್ಟುವ ಚಿಕ್ಕ ಹಕ್ಕಿಗಳು, ಚಳಿಗಾಲದಲ್ಲಿ ಹುಲ್ಲಿನ ನಡುವೆ ರಾತ್ರಿ ತಂಗುವ ವಲಸೆಯ ಗಿಡುಗಗಳು. ಇವುಗಳ ಬಹುಪಾಲು ಬದುಕು ಅರಣ್ಯ ಇಲಾಖೆಯ ಗಡಿಯ ಹೊರಗೆ, ಗಾಯರಾಣ ಮತ್ತು ಹೊಲಗಳಲ್ಲಿ ಸಾಗುತ್ತದೆ. ಅಂದರೆ ಪಂಚಾಯತಿಯ ಎಲ್ಲೆಯಲ್ಲಿ.

ತೋಳವು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲ ಅನುಸೂಚಿಯಲ್ಲಿದೆ. ಅದನ್ನು ಕೊಲ್ಲುವುದು, ಹಿಡಿಯುವುದು, ವಿಷವಿಡುವುದು ಅಪರಾಧ. ಕೊಪ್ಪಳ ಜಿಲ್ಲೆಯ ಬಂಕಾಪುರದ ಹುಲ್ಲುಗಾವಲನ್ನು ರಾಜ್ಯ ಸರ್ಕಾರವು ತೋಳಗಳ ವನ್ಯಧಾಮವಾಗಿ ಘೋಷಿಸಿರುವುದು ಬಯಲಿನ ಮಹತ್ವಕ್ಕೆ ದೊರೆತ ಮನ್ನಣೆ. ಆದರೆ ತೋಳ ಕುರಿಯನ್ನು ಒಯ್ಯುವುದೂ ನಿಜ. ನಷ್ಟವನ್ನು ಕುರಿಗಾರನೊಬ್ಬನೇ ಹೊರುವಂತಾದರೆ ಸಂರಕ್ಷಣೆಯ ಮಾತು ಅವನಿಗೆ ಅನ್ಯಾಯವಾಗಿ ತೋರುತ್ತದೆ. ಅದು ಅನ್ಯಾಯವೇ ಸರಿ. ಸಾಕುಪ್ರಾಣಿ ಹಾನಿಗೆ ಅರಣ್ಯ ಇಲಾಖೆಯಿಂದ ದಯಾತ್ಮಕ ಧನ ಪಡೆಯಲು ಅವಕಾಶವಿದೆ. ಹಿಂಡಿನೊಂದಿಗೆ ಊರಿಂದ ಊರಿಗೆ ಸಾಗುವ ಕುರಿಗಾರನಿಗೆ ಪಂಚನಾಮೆ, ಪಶುವೈದ್ಯರ ದೃಢೀಕರಣ, ಅರ್ಜಿ ಇವೆಲ್ಲ ಸುಲಭವಲ್ಲ. ಘಟನೆಯ ದಿನವೇ ಛಾಯಾಚಿತ್ರ ತೆಗೆಸಿ, ವಲಯ ಅರಣ್ಯಾಧಿಕಾರಿ ಕಚೇರಿಗೂ ಪಶು ಆಸ್ಪತ್ರೆಗೂ ಸುದ್ದಿ ಮುಟ್ಟಿಸಿ, ಅರ್ಜಿ ಬರೆಸಿಕೊಡುವ ಕೆಲಸವನ್ನು ಪಂಚಾಯತಿ ಸಿಬ್ಬಂದಿ ಮಾಡಿದರೆ, ಸತ್ತ ಕುರಿಗೆ ವಿಷ ಸವರಿ ಬಿಡುವ ಪ್ರಸಂಗಗಳು ಕಡಿಮೆಯಾಗುತ್ತವೆ.

ಪಂಚಾಯತಿಯ ದಿನನಿತ್ಯದ ಕೆಲಸಗಳೂ ಈ ಜೀವಿಗಳನ್ನು ತಾಕುತ್ತವೆ. ಊರ ಹೊರಗೆ ಬಯಲಿನಲ್ಲಿ ಸುರಿದ ಕಸ ಬೀದಿನಾಯಿಗಳನ್ನು ಸಾಕುತ್ತದೆ. ನಾಯಿಗಳಿಂದ ತೋಳ, ನರಿಗಳಿಗೆ ರೇಬೀಸ್ ಮತ್ತು ಡಿಸ್ಟೆಂಪರ್ ಹರಡುತ್ತದೆ, ಕುರಿಮರಿಗಳಿಗೂ ಅವುಗಳ ಕಾಟ ತಪ್ಪದು. ಕಟ್ಟೆಯಿಲ್ಲದ ತೆರೆದ ಬಾವಿಗಳಿಗೆ ರಾತ್ರಿಯ ಹೊತ್ತು ಪ್ರಾಣಿಗಳು ಬೀಳುತ್ತವೆ. ಕಬ್ಬಿನ ರವದಿಗೆ ಬೆಂಕಿಯಿಟ್ಟಾಗ ಗೂಡು, ಮರಿ, ಮಣ್ಣಿನ ಸತ್ವ ಒಟ್ಟಿಗೆ ಸುಡುತ್ತವೆ. ರವದಿಯನ್ನು ಸಾಲಿನಲ್ಲಿಯೇ ಹೊದಿಸಿದರೆ ತೇವ ಉಳಿಯುತ್ತದೆ.

7. ಧೂಪದಾಳದ ಪಾಠ

ಧೂಪದಾಳದ ಒಡ್ಡನ್ನು ಕಟ್ಟಿದವರ ಉದ್ದೇಶ ನೀರಾವರಿ. ಆದರೆ ನಿಂತ ಹಿನ್ನೀರು, ಆಳವಿಲ್ಲದ ಕೆಸರಿನ ದಂಡೆಗಳು, ನಡುಗಡ್ಡೆಗಳು ಹಕ್ಕಿಗಳಿಗೆ ನೆಲೆಯಾದವು. 1974ರಲ್ಲಿ 29.78 ಚದರ ಕಿಲೋಮೀಟರ್ ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಲಾಯಿತು. ಚಳಿಗಾಲದಲ್ಲಿ ಇಲ್ಲಿಗೆ ಯುರೋಪಿನ ಬಿಳಿ ಕೊಕ್ಕರೆ, ಡೆಮೊಸೆಲ್ ಕ್ರೇನ್ ಮೊದಲಾದ ದೂರದೇಶದ ಹಕ್ಕಿಗಳು ಬರುತ್ತವೆ. ಮನುಷ್ಯನ ಕಾಮಗಾರಿಯೂ ಜೀವಿಗಳಿಗೆ ಆಸರೆಯಾಗಬಲ್ಲದು ಎಂಬುದು ಇದರ ಮೊದಲ ಪಾಠ.

ಎರಡನೆಯ ಪಾಠ ಹೆಚ್ಚು ಮುಖ್ಯ. ಹಕ್ಕಿಗಳು ಪಕ್ಷಿಧಾಮದ ಗಡಿಯೊಳಗೆ ತಂಗಿದರೂ ಮೇಯುವುದು ಸುತ್ತಲಿನ ಹೊಲಗಳಲ್ಲಿ. ಅಲ್ಲಿ ಸಿಂಪಡಿಸಿದ ಕೀಟನಾಶಕ ಅವುಗಳ ಹೊಟ್ಟೆ ಸೇರುತ್ತದೆ. ಹಿನ್ನೀರಿಗೆ ಮೇಲಿನ ಊರುಗಳ ಚರಂಡಿ ಸೇರಿದರೆ ಅಂತರಗಂಗೆ ಹಬ್ಬಿ ನೀರಿನ ಮೇಲ್ಮೈ ಮುಚ್ಚುತ್ತದೆ. ಪಕ್ಷಿಧಾಮವನ್ನು ಅರಣ್ಯ ಇಲಾಖೆ ಕಾಯುತ್ತದೆ. ಆದರೆ ಅದರ ನೀರನ್ನು ಮೇಲಿನ ಪಂಚಾಯತಿಗಳೇ ಕಾಯಬೇಕು. ಹಳ್ಳಕ್ಕೆ ಸೇರುವ ಮೊದಲು ಬೂದುನೀರನ್ನು ಇಂಗುಗುಂಡಿ ಅಥವಾ ಜೊಂಡಿನ ಹೊಂಡದಲ್ಲಿ ತಡೆದು ನಿಲ್ಲಿಸುವುದು ಗ್ರಾಮ ಮಟ್ಟದಲ್ಲಿಯೇ ಸಾಧ್ಯವಾದ ಕೆಲಸ.

8. ಜೀವವೈವಿಧ್ಯ ನಿರ್ವಹಣಾ ಸಮಿತಿ

ಜೈವಿಕ ವೈವಿಧ್ಯ ಅಧಿನಿಯಮ, 2002ರ 41ನೇ ಪ್ರಕರಣದಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಸಮಿತಿಯು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಇದಕ್ಕೆ 2020ರ ಜನವರಿ 31ರ ಗಡುವನ್ನು ವಿಧಿಸಿತ್ತು. ಗಡುವಿಗಾಗಿ ತುಂಬಿದ ದಾಖಲಾತಿ ಕಪಾಟಿನಲ್ಲಿ ಉಳಿದರೆ ಅದು ಬರಿಯ ಕಾಗದ. ಅದು ಪ್ರತಿ ವರ್ಷ ಹೊಸದಾಗಬೇಕು. ಅದನ್ನು ಹೊಸದು ಮಾಡಬಲ್ಲವರು ಕುರಿಗಾರರು, ಮೀನುಗಾರರು, ನಾಟಿ ವೈದ್ಯರು, ಬೀಜ ಕಾಯ್ದಿಡುವ ಮಹಿಳೆಯರು, ಶಾಲಾ ಮಕ್ಕಳು. ಇದೇ ಅಧಿನಿಯಮದ 37ನೇ ಪ್ರಕರಣದಡಿ ದೇವನಹಳ್ಳಿ ತಾಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಊರಿನ ಒಂದು ತೋಪಿಗೂ ಇಂಥ ಮನ್ನಣೆ ದೊರೆಯಬಲ್ಲದು.

ಸಾಮೂಹಿಕ ಸಂಪತ್ತುಗಳನ್ನು ಕುರಿತ ಅಧ್ಯಯನಕ್ಕಾಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಓಸ್ಟ್ರಮ್ ಅವರು ತೋರಿಸಿಕೊಟ್ಟದ್ದೇನೆಂದರೆ, ಗಡಿ ಸ್ಪಷ್ಟವಾಗಿದ್ದು, ಬಳಸುವವರೇ ನಿಯಮ ರೂಪಿಸಿ, ತಾವೇ ಕಾವಲು ನಡೆಸಿ, ತಪ್ಪಿಗೆ ತಕ್ಕಷ್ಟು ದಂಡ ವಿಧಿಸುವಲ್ಲಿ ಸಾಮೂಹಿಕ ಭೂಮಿ, ನೀರು ದೀರ್ಘಕಾಲ ಉಳಿದಿವೆ. ಮೇಲಿನಿಂದ ಬಂದ ಆದೇಶ ಮಾತ್ರದಿಂದ ಗಾಯರಾಣ ಉಳಿಯದು. ಊರು ಮನಸ್ಸು ಮಾಡಿದರೂ ಗಡಿಕಲ್ಲು ಇಲ್ಲದಿದ್ದರೆ ಉಳಿಯದು.

9. ವರ್ಷದ ಕೆಲಸದ ಪಟ್ಟಿ

ಬೇಸಿಗೆ: ತಹಶೀಲ್ದಾರರಿಗೆ ಬರೆದು ಗಾಯರಾಣ, ಕೆರೆ, ಹಳ್ಳಗಳ ಅಳತೆ ಮಾಡಿಸುವುದು, ಗಡಿಕಲ್ಲು ನೆಡುವುದು, ಹೂಳು ತೆಗೆಯುವುದು, ತೆರೆದ ಬಾವಿಗಳಿಗೆ ಕಟ್ಟೆ ಕಟ್ಟುವುದು.

ಮಳೆಗಾಲ: ಶಾಲೆ ಅಥವಾ ಪಂಚಾಯತಿ ಅಂಗಳದಲ್ಲಿ ಮಳೆ ಅಳೆದು ಫಲಕದಲ್ಲಿ ಬರೆಯುವುದು, ಗಾಯರಾಣದ ಒಂದು ಭಾಗಕ್ಕೆ ವಿಶ್ರಾಂತಿ ಕೊಡುವುದು, ಕೋಡಿ, ಏರಿಗಳನ್ನು ಪರಿಶೀಲಿಸುವುದು.

ಚಳಿಗಾಲ: ಆಯ್ದ ಐದು ಬಾವಿಗಳ ನೀರಿನ ಮಟ್ಟವನ್ನು ಅಳೆದು, ಮುಂಗಾರಿನ ಮೊದಲಿನ ಮಟ್ಟದೊಂದಿಗೆ ಹೋಲಿಸುವುದು, ಹಕ್ಕಿಗಳನ್ನು ಎಣಿಸುವುದು, ದಾಖಲಾತಿಯನ್ನು ಪರಿಷ್ಕರಿಸುವುದು.

ಗ್ರಾಮ ಸಭೆ: ಗಾಯರಾಣದ ವಿಸ್ತೀರ್ಣ, ದನಗಳ ಸಂಖ್ಯೆ, ಬಾವಿಗಳ ಮಟ್ಟ, ಕೆರೆಯ ಸಂಗ್ರಹ ಈ ನಾಲ್ಕು ಅಂಕಿಗಳನ್ನು ಪ್ರತಿ ವರ್ಷ ಓದಿ ಹೇಳಿ ನಡಾವಳಿ ಪುಸ್ತಕದಲ್ಲಿ ದಾಖಲಿಸುವುದು. ಹಿಂದಿನ ವರ್ಷದ ಅಂಕಿ ಪಕ್ಕದಲ್ಲಿದ್ದರೆ ಯಾವುದು ಕರಗುತ್ತಿದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಪಂಚಾಯತಿಯ ಮಳೆನೀರು ಯಾವ ಹಳ್ಳದ ಮೂಲಕ ಯಾವ ನದಿಗೆ ಸೇರುತ್ತದೆ? ಆ ಹಳ್ಳದ ಮೇಲೆ ಮತ್ತು ಕೆಳಗೆ ಇರುವ ಪಂಚಾಯತಿಗಳು ಯಾವುವು?

2. 97ನೇ ನಿಯಮದಂತೆ ನಿಮ್ಮ ಊರಿಗೆ ಎಷ್ಟು ಗಾಯರಾಣ ಬೇಕು? ಪಹಣಿಯಲ್ಲಿ ಎಷ್ಟಿದೆ? ನೆಲದ ಮೇಲೆ ಎಷ್ಟು ಉಳಿದಿದೆ?

3. ನಿಮ್ಮ ಕೆರೆಯ ಜಲಾನಯನ ಎಷ್ಟು ಹೆಕ್ಟೇರ್? 50 ಮಿಲಿಮೀಟರ್ ಮಳೆಯಾದರೆ ಎಷ್ಟು ನೀರು ಬರಬಹುದು? ಎಷ್ಟನ್ನು ಹಿಡಿದಿಡಬಹುದು?

4. ಸವಳು–ಜವಳಿನಿಂದ ಕೆಟ್ಟ ಹೊಲಗಳಿದ್ದರೆ, ಅವುಗಳ ನೀರು ಬಸಿದು ಹೋಗಬೇಕಾದ ಹಳ್ಳ ತೆರೆದಿದೆಯೇ, ಮುಚ್ಚಿದೆಯೇ?

5. ಜೀವವೈವಿಧ್ಯ ದಾಖಲಾತಿಯಲ್ಲಿ ಹೆಸರಿಸಿದ ಹುಲ್ಲು, ಮರ, ಹಕ್ಕಿ, ಪ್ರಾಣಿಗಳಲ್ಲಿ ಈಗಲೂ ಕಾಣಸಿಗುವವು ಯಾವುವು? ಹಿರಿಯ ಕುರಿಗಾರರನ್ನು ಕೇಳಿ ಗುರುತು ಹಾಕಿರಿ.

ಸದಸ್ಯರು ಈ ಪ್ರಶ್ನೆಗಳಿಗೆ ಸ್ಥಳ ಪರಿಶೀಲನೆ ನಡೆಸಿ ಉತ್ತರ ಬರೆದು, ಮುಂದಿನ ಗ್ರಾಮ ಸಭೆಯಲ್ಲಿ ಓದಿ, ಚರ್ಚೆಯ ಸಾರವನ್ನು ನಡಾವಳಿಯಲ್ಲಿ ದಾಖಲಿಸತಕ್ಕದ್ದು.